ಯುಪಿಎಸ್ ಉದ್ಯೋಗ ಕಡಿತ ಮತ್ತು ಚಾಲಕರ ಸ್ವಯಂನಿವೃತ್ತಿ ಯೋಜನೆ

ಯುಪಿಎಸ್ ಉದ್ಯೋಗ ಕಡಿತ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಪಾರ್ಸೆಲ್ ಬಟವಾಡೆ ಸಂಸ್ಥೆಯಾದ ಯುನೈಟೆಡ್ ಪಾರ್ಸೆಲ್ ಸರ್ವಿಸ್ (ಸಂಕ್ಷೇಪವಾಗಿ ಯುಪಿಎಸ್) 2024ರಿಂದ ಹಂತಹಂತವಾಗಿ ಕೈಗೊಂಡ ಸಿಬ್ಬಂದಿ ಇಳಿಕೆ, ಕೇಂದ್ರಗಳ ಮುಚ್ಚುವಿಕೆ ಮತ್ತು ಚಾಲಕರಿಗೆ ಹಣ ನೀಡಿ ಕೆಲಸ ಬಿಡಿಸುವ ಯೋಜನೆಗಳನ್ನು ಒಟ್ಟಾಗಿ ಸೂಚಿಸುತ್ತದೆ. ಸಂಸ್ಥೆಯ ಚಾಲಕರೂ ವಿಂಗಡಣಾ ಕೇಂದ್ರಗಳ ಕೆಲಸಗಾರರೂ ಟೀಮ್‌ಸ್ಟರ್ಸ್ ಎಂಬ ಕಾರ್ಮಿಕ ಸಂಘದ ಸದಸ್ಯರು. 2023ರಲ್ಲಿ ಸಂಘವು ಸಂಸ್ಥೆಯೊಡನೆ ಐದು ವರ್ಷಗಳ ವೇತನ ಒಪ್ಪಂದ ಮಾಡಿಕೊಂಡಾಗ ಅದನ್ನು ದಶಕಗಳಲ್ಲೇ ದೊಡ್ಡ ಕಾರ್ಮಿಕ ವಿಜಯವೆಂದು ಬಣ್ಣಿಸಲಾಗಿತ್ತು. ಎರಡೇ ವರ್ಷಗಳಲ್ಲಿ ಅದೇ ಕಾರ್ಮಿಕರ ಮುಂದೆ ಕೆಲಸ ಬಿಡುವ ಅರ್ಜಿಯ ನಮೂನೆ ಬಂದು ನಿಂತಿತು. 2025ರ ಮೊದಲ ಒಂಬತ್ತು ತಿಂಗಳುಗಳಲ್ಲಿ ಸಂಸ್ಥೆಯು 48,000 ಹುದ್ದೆಗಳನ್ನು ಇಳಿಸಿತು.

ಸಂಸ್ಥೆ ಮತ್ತು ಸಂಘ

ಯುಪಿಎಸ್ 1907ರಲ್ಲಿ ಸಿಯಾಟಲ್ ನಗರದಲ್ಲಿ ಅಮೆರಿಕನ್ ಮೆಸೆಂಜರ್ ಕಂಪನಿ ಎಂಬ ಹೆಸರಿನಿಂದ ಆರಂಭವಾಯಿತು. ಸ್ಥಾಪಕರಾದ ಜೇಮ್ಸ್ ಕೇಸಿ ಮತ್ತು ಕ್ಲಾಡ್ ರಯನ್ ಆಗಿನ್ನೂ ಹದಿಹರೆಯದವರು. ಕಾಲ್ನಡಿಗೆಯಲ್ಲಿಯೂ ಸೈಕಲ್ಲಿನಲ್ಲಿಯೂ ಚೀಟಿ, ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ಈ ಉದ್ಯಮವು ಒಂದು ಶತಮಾನದಲ್ಲಿ ಜಗತ್ತಿನ ಅತಿ ದೊಡ್ಡ ಪಾರ್ಸೆಲ್ ಸಂಸ್ಥೆಗಳಲ್ಲಿ ಒಂದಾಯಿತು. ಇಂದು ಅದರ ಮುಖ್ಯ ಕಚೇರಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಸಮೀಪದಲ್ಲಿದೆ. ಕಂದು ಬಣ್ಣದ ವ್ಯಾನು ಮತ್ತು ಕಂದು ಸಮವಸ್ತ್ರ ಅಮೆರಿಕದ ಬೀದಿಗಳಲ್ಲಿ, ನಮ್ಮಲ್ಲಿ ಅಂಚೆಯವನ ಖಾಕಿ ಒಂದು ಕಾಲದಲ್ಲಿ ಹೇಗಿತ್ತೋ ಹಾಗೆ, ಮಕ್ಕಳಿಗೂ ಪರಿಚಿತ. 2024ರ ಕೊನೆಯಲ್ಲಿ ಸಂಸ್ಥೆಯಲ್ಲಿ ಜಗತ್ತಿನಾದ್ಯಂತ ಸುಮಾರು 4.9 ಲಕ್ಷ ಮಂದಿ ದುಡಿಯುತ್ತಿದ್ದರು.

ಟೀಮ್‌ಸ್ಟರ್ ಎಂಬ ಪದಕ್ಕೆ ಜೋಡಿ ಪ್ರಾಣಿಗಳನ್ನು ಕಟ್ಟಿದ ಬಂಡಿಯನ್ನು ಹೊಡೆಯುವವನು ಎಂಬುದು ಮೂಲಾರ್ಥ. 1903ರಲ್ಲಿ ಕುದುರೆಗಾಡಿ ಹೊಡೆಯುವವರ ಸಂಘಟನೆಯಾಗಿ ಹುಟ್ಟಿದ ಈ ಸಂಘದ ಲಾಂಛನದಲ್ಲಿ ಎರಡು ಕುದುರೆಗಳ ಮುಖಗಳು ಈಗಲೂ ಇವೆ. ಗಾಡಿ ಹೋಗಿ ಲಾರಿ ಬಂದರೂ ಹೆಸರು ಉಳಿಯಿತು. ಯುಪಿಎಸ್ ಕಾರ್ಮಿಕರ ಒಪ್ಪಂದವು ಉತ್ತರ ಅಮೆರಿಕದ ಖಾಸಗಿ ವಲಯದಲ್ಲಿ ಒಂದೇ ಸಂಸ್ಥೆಗೆ ಸಂಬಂಧಿಸಿದ ಅತಿ ದೊಡ್ಡ ಸಾಮೂಹಿಕ ಒಪ್ಪಂದವಾಗಿದ್ದು, 2023ರಲ್ಲಿ ಅದು ಸುಮಾರು 3.4 ಲಕ್ಷ ಮಂದಿಗೆ ಅನ್ವಯಿಸುತ್ತಿತ್ತು.

ಇವರೆಲ್ಲರೂ ಚಾಲಕರೆಂದು ಭಾವಿಸುವುದು ತಪ್ಪು. ಅರ್ಧಕ್ಕಿಂತ ಹೆಚ್ಚಿನವರು ಕೇಂದ್ರಗಳ ಒಳಗೆ ಪೊಟ್ಟಣಗಳನ್ನು ಇಳಿಸುವ, ವಿಂಗಡಿಸುವ, ವ್ಯಾನುಗಳಿಗೆ ತುಂಬುವ ಅರೆಕಾಲಿಕ ಕೆಲಸಗಾರರು. ಬಹಳಷ್ಟು ಕಡೆ ಈ ಕೆಲಸ ಬೆಳಗಿನ ಜಾವಕ್ಕೇ ಆರಂಭವಾಗುತ್ತದೆ. ಒಳಗೆ ವರ್ಷಗಟ್ಟಲೆ ಕಾದು, ಸೇವಾಹಿರಿತನದ ಪಟ್ಟಿಯಲ್ಲಿ ಮೇಲೇರಿ, ಕೊನೆಗೆ ಚಾಲಕನ ಹುದ್ದೆ ಪಡೆಯುವುದು ರೂಢಿ. ಚಾಲಕನಾದ ಮೇಲೂ ಪೂರ್ಣ ದರದ ವೇತನ ತಲುಪಲು ನಾಲ್ಕು ವರ್ಷ ಬೇಕು. ಪದವಿಯಿಲ್ಲದವನೂ ಮನೆ ಕಟ್ಟಿ ಮಕ್ಕಳನ್ನು ಓದಿಸಬಹುದಾದ ಉದ್ಯೋಗಗಳು ಅಮೆರಿಕದಲ್ಲಿ ಕಡಿಮೆಯಾಗುತ್ತಾ ಬಂದಿರುವಾಗ, ಈ ಚಾಲಕನ ಹುದ್ದೆಗೆ ಇರುವ ಬೆಲೆ ಸಂಬಳದ ಚೀಟಿಯಲ್ಲಿ ಕಾಣುವುದಕ್ಕಿಂತ ಹೆಚ್ಚು. ಹುದ್ದೆ ಬಿಡುವ ಪ್ರಶ್ನೆ ಬಂದಾಗ ಅಷ್ಟು ಕಾವೇರಿದ ಚರ್ಚೆ ನಡೆದದ್ದಕ್ಕೆ ಇದೇ ಕಾರಣ.

ಹಿನ್ನೆಲೆ: 1997ರಿಂದ 2023ರವರೆಗೆ

1997ರ ಆಗಸ್ಟ್‌ನಲ್ಲಿ ರಾನ್ ಕೇರಿ ಅವರ ನಾಯಕತ್ವದಲ್ಲಿ ಸುಮಾರು 1.85 ಲಕ್ಷ ಕಾರ್ಮಿಕರು 15 ದಿನಗಳ ಮುಷ್ಕರ ಹೂಡಿದರು. ಪೂರ್ಣಾವಧಿ ಕೆಲಸಗಳನ್ನು ಅರೆಕಾಲಿಕಗೊಳಿಸುತ್ತಾ ಹೋಗುವ ಸಂಸ್ಥೆಯ ಪದ್ಧತಿಯೇ ಮುಷ್ಕರದ ಮುಖ್ಯ ವಿಷಯ. ಜನಾಭಿಪ್ರಾಯ ಕಾರ್ಮಿಕರ ಕಡೆಗಿತ್ತು. ಅರೆಕಾಲಿಕ ಹುದ್ದೆಗಳನ್ನು ಒಗ್ಗೂಡಿಸಿ 10,000 ಪೂರ್ಣಾವಧಿ ಹುದ್ದೆಗಳನ್ನು ಸೃಷ್ಟಿಸಲು ಸಂಸ್ಥೆ ಒಪ್ಪಿತು. ಚುನಾವಣಾ ನಿಧಿಯ ಹಗರಣದಿಂದಾಗಿ ಕೇರಿ ಅವರು ಸಂಘದಿಂದಲೇ ಹೊರಬೀಳಬೇಕಾಯಿತು. 2001ರಲ್ಲಿ ನ್ಯಾಯಾಲಯ ಅವರನ್ನು ದೋಷಮುಕ್ತರೆಂದು ಘೋಷಿಸಿತು.

ಮುಂದಿನ ಎರಡು ದಶಕಗಳಲ್ಲಿ ಸಂಘದ ಚುಕ್ಕಾಣಿ ಜೇಮ್ಸ್ ಪಿ. ಹಾಫಾ ಅವರ ಕೈಯಲ್ಲಿತ್ತು. 2018ರ ಒಪ್ಪಂದದಲ್ಲಿ ಕಡಿಮೆ ದರಕ್ಕೆ ಅದೇ ಕೆಲಸ ಮಾಡುವ ಚಾಲಕರ ಎರಡನೆಯ ದರ್ಜೆಯೊಂದನ್ನು ಹುಟ್ಟುಹಾಕಲಾಯಿತು. ಮತ ಹಾಕಿದ ಸದಸ್ಯರಲ್ಲಿ ಹೆಚ್ಚಿನವರು ಒಪ್ಪಂದವನ್ನು ತಿರಸ್ಕರಿಸಿದರು. ಆದರೆ ಮತದಾನ ಅರ್ಧಕ್ಕಿಂತ ಕಡಿಮೆಯಾದಾಗ ತಿರಸ್ಕಾರಕ್ಕೆ ಮೂರನೇ ಎರಡರಷ್ಟು ಮತ ಬೇಕೆಂಬ ಹಳೆಯ ನಿಯಮವನ್ನು ಮುಂದೊಡ್ಡಿ ನಾಯಕತ್ವವು ಒಪ್ಪಂದವನ್ನು ಜಾರಿಗೊಳಿಸಿತು. ಸದಸ್ಯರ ಬಹುಮತವನ್ನು ಸಂಘವೇ ಬದಿಗೆ ಸರಿಸಿದ ಈ ಪ್ರಸಂಗವು ನಾಯಕತ್ವದ ಬದಲಾವಣೆಗೆ ದಾರಿ ಮಾಡಿತು. 2021ರ ಅಧಿವೇಶನದಲ್ಲಿ ಆ ನಿಯಮ ರದ್ದಾಯಿತು. ಅದೇ ವರ್ಷದ ಚುನಾವಣೆಯಲ್ಲಿ ಬಾಸ್ಟನ್ನಿನ ಶಾನ್ ಒ'ಬ್ರಿಯನ್ ಅಧ್ಯಕ್ಷರಾಗಿ ಆಯ್ಕೆಯಾದರು.

2023ರ ಒಪ್ಪಂದ

ಹಳೆಯ ಒಪ್ಪಂದದ ಅವಧಿ 2023ರ ಜುಲೈ 31ಕ್ಕೆ ಮುಗಿಯುವುದಿತ್ತು. ಜೂನ್‌ನಲ್ಲಿ ನಡೆದ ಮತದಾನದಲ್ಲಿ ಶೇಕಡಾ 97ರಷ್ಟು ಮಂದಿ, ಅಗತ್ಯವಾದರೆ ಮುಷ್ಕರ ಹೂಡುವ ಅಧಿಕಾರವನ್ನು ನಾಯಕರಿಗೆ ನೀಡಿದರು. ಕೊರೊನಾ ಕಾಲದಲ್ಲಿ ಮನೆಯೊಳಗಿದ್ದ ದೇಶಕ್ಕೆ ಔಷಧಿ, ದಿನಸಿ ಹಂಚಿದವರಿಗೆ ಆ ಅವಧಿಯ ಲಾಭದಲ್ಲಿ ಪಾಲು ಸಿಗಬೇಕೆಂಬುದು ಸಂಘದ ವಾದವಾಗಿತ್ತು. 2022ರಲ್ಲಿ ಯುಪಿಎಸ್‌ನ ವಾರ್ಷಿಕ ಆದಾಯ ಮೊದಲ ಬಾರಿಗೆ 100 ಬಿಲಿಯನ್ ಡಾಲರ್ (10,000 ಕೋಟಿ ಡಾಲರ್) ದಾಟಿತ್ತು.

ಗಡುವಿಗೆ ಆರು ದಿನ ಮುಂಚೆ, ಜುಲೈ 25ರಂದು, ಉಭಯ ಪಕ್ಷಗಳೂ ಒಮ್ಮತಕ್ಕೆ ಬಂದವು. ಆಗಸ್ಟ್ 22ರಂದು ಶೇಕಡಾ 86.3ರ ಬೆಂಬಲದೊಂದಿಗೆ ಒಪ್ಪಂದ ಅಂಗೀಕಾರವಾಯಿತು. ಅದರಂತೆ ಎಲ್ಲರಿಗೂ ಕೂಡಲೇ ಗಂಟೆಗೆ 2.75 ಡಾಲರ್, ಐದು ವರ್ಷಗಳಲ್ಲಿ ಒಟ್ಟು 7.50 ಡಾಲರ್ ಏರಿಕೆ; ಅರೆಕಾಲಿಕರಿಗೆ ಗಂಟೆಗೆ ಕನಿಷ್ಠ 21 ಡಾಲರ್; ಎರಡನೆಯ ದರ್ಜೆಯ ಚಾಲಕ ಹುದ್ದೆಯ ರದ್ದತಿ. ಪೂರ್ಣ ದರದ ಚಾಲಕನ ಸರಾಸರಿ ವೇತನವು ಅವಧಿಯ ಕೊನೆಗೆ ಗಂಟೆಗೆ 49 ಡಾಲರ್ ಆಗುವುದೆಂದು ಲೆಕ್ಕಹಾಕಲಾಯಿತು. 2024ರ ಜನವರಿ 1ರ ನಂತರ ಕೊಳ್ಳುವ ಬಟವಾಡೆ ವಾಹನಗಳಲ್ಲಿ ಹವಾನಿಯಂತ್ರಣ ಇರಬೇಕೆಂಬ ಷರತ್ತೂ ಸೇರಿತು. ಬೇಸಿಗೆಯಲ್ಲಿ ಕಾದ ತಗಡಿನ ಪೆಟ್ಟಿಗೆಯಂತಾಗುವ ವ್ಯಾನಿನ ಹಿಂಬದಿಯಲ್ಲಿ ಪೊಟ್ಟಣ ಹುಡುಕುವವರಿಗೆ ವೇತನದಷ್ಟೇ ಮುಖ್ಯವಾಗಿದ್ದ ಬೇಡಿಕೆಯಿದು.

ಮುಂದಿನ ಜಗಳಕ್ಕೆ ಬೀಜವಾದದ್ದು ಬೇರೊಂದು ಷರತ್ತು. 7,500 ಹೊಸ ಪೂರ್ಣಾವಧಿ ಹುದ್ದೆಗಳನ್ನು ಸೃಷ್ಟಿಸುವುದಾಗಿಯೂ 22,500 ಖಾಲಿ ಹುದ್ದೆಗಳನ್ನು ತುಂಬುವುದಾಗಿಯೂ ಸಂಸ್ಥೆ ಮಾತು ಕೊಟ್ಟಿತ್ತು.

ಒಪ್ಪಂದದ ಬೆನ್ನಲ್ಲೇ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಕ್ಯಾರಲ್ ಟೊಮೆ ಅವರು, ಅವಧಿಯ ಕೊನೆಗೆ ಪೂರ್ಣಾವಧಿ ಚಾಲಕನಿಗೆ ವೇತನ ಮತ್ತು ಸವಲತ್ತು ಸೇರಿ ವರ್ಷಕ್ಕೆ ಸರಾಸರಿ 1.7 ಲಕ್ಷ ಡಾಲರ್ ಸಂದಾಯವಾಗುತ್ತದೆಂದು ಹೇಳಿದರು. ಈ ಒಂದು ಅಂಕಿ ಪತ್ರಿಕೆಗಳಲ್ಲಿ ಹರಡಿದ ವೇಗ ಅಚ್ಚರಿಯದು. ಅದರಲ್ಲಿ ಆರೋಗ್ಯ ವಿಮೆಯ ಕಂತು, ಪಿಂಚಣಿ ವಂತಿಗೆ ಎಲ್ಲವೂ ಸೇರಿವೆ ಎಂಬುದನ್ನು ಓದುಗರು ಗಮನಿಸಲಿಲ್ಲ; ಅರೆಕಾಲಿಕರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ ಎಂಬುದನ್ನಂತೂ ಯಾರೂ ಕೇಳಲಿಲ್ಲ.

ಕಡಿತದ ಹಂತಗಳು

ಮಾತುಕತೆಯ ಕಾಲದಲ್ಲಿಯೇ ಮುಷ್ಕರದ ಭಯದಿಂದ ದಿನಕ್ಕೆ ಸುಮಾರು 10 ಲಕ್ಷ ಪೊಟ್ಟಣಗಳು ಪ್ರತಿಸ್ಪರ್ಧಿಗಳ ಪಾಲಾದವೆಂದು ಸಂಸ್ಥೆ ತಿಳಿಸಿತ್ತು. 2023ರ ಆದಾಯ ಹಿಂದಿನ ವರ್ಷಕ್ಕಿಂತ ಸುಮಾರು 9 ಬಿಲಿಯನ್ ಡಾಲರ್ ಇಳಿಯಿತು. ಇದಕ್ಕೆ ಒಪ್ಪಂದವೊಂದೇ ಕಾರಣವಲ್ಲ. ಕೊರೊನಾ ಕಾಲದ ಆನ್‌ಲೈನ್ ಖರೀದಿಯ ಭರಾಟೆ ತಗ್ಗಿದ್ದೂ ಅಷ್ಟೇ ದೊಡ್ಡ ಕಾರಣ. 2024ರ ಜನವರಿ 30ರಂದು ಸಂಸ್ಥೆಯು 12,000 ಹುದ್ದೆಗಳ ಕಡಿತವನ್ನು ಪ್ರಕಟಿಸಿತು. ಇವುಗಳಲ್ಲಿ ಬಹುಪಾಲು ಮೇಲ್ವಿಚಾರಕ ಮತ್ತು ಆಡಳಿತ ವರ್ಗದ ಹುದ್ದೆಗಳು. ಸಂಘದ ಸದಸ್ಯರಿಗೆ ಬಿಸಿ ಇನ್ನೂ ತಟ್ಟಿರಲಿಲ್ಲ.

ಸರಿಯಾಗಿ ಒಂದು ವರ್ಷದ ಬಳಿಕ, 2025ರ ಜನವರಿ 30ರಂದು, ನಿಜವಾದ ತಿರುವು ಬಂದಿತು. ತನ್ನ ಅತಿ ದೊಡ್ಡ ಗ್ರಾಹಕನಾದ ಅಮೆಜಾನ್‌ನಿಂದ ಪಡೆಯುವ ಪೊಟ್ಟಣಗಳ ಪ್ರಮಾಣವನ್ನು 2026ರ ಉತ್ತರಾರ್ಧದ ಹೊತ್ತಿಗೆ ಅರ್ಧಕ್ಕಿಂತಲೂ ಹೆಚ್ಚು ತಗ್ಗಿಸುವುದಾಗಿ ಯುಪಿಎಸ್ ಪ್ರಕಟಿಸಿತು. 2024ರಲ್ಲಿ ಸಂಸ್ಥೆಯ ಆದಾಯದ ಶೇಕಡಾ 11.8ರಷ್ಟು ಅಮೆಜಾನ್‌ನಿಂದಲೇ ಬಂದಿತ್ತು. ಅತಿ ದೊಡ್ಡ ಗ್ರಾಹಕ, ಆದರೆ ಅತಿ ಲಾಭದ ಗ್ರಾಹಕನಲ್ಲ ಎಂಬುದು ಟೊಮೆ ಅವರ ವಿವರಣೆ. ತಾನು ಪ್ರಮಾಣವನ್ನು ಹೆಚ್ಚಿಸಲು ಸಿದ್ಧವಿದ್ದರೂ ಕಡಿತ ಕೋರಿದ್ದು ಯುಪಿಎಸ್ಸೇ ಎಂದು ಅಮೆಜಾನ್ ಹೇಳಿಕೊಂಡಿತು. ಟೊಮೆ ಅವರು 2020ರಲ್ಲಿ ಅಧಿಕಾರ ವಹಿಸಿಕೊಂಡಂದಿನಿಂದಲೂ ದೊಡ್ಡದಾಗುವುದಕ್ಕಿಂತ ಉತ್ತಮವಾಗುವುದು ಮೇಲೆಂಬ ಧೋರಣೆಯನ್ನು ಸಾರುತ್ತಾ ಬಂದಿದ್ದರು. ಆ ಧೋರಣೆಯ ಅರ್ಥ ಕೆಲಸಗಾರರಿಗೆ ಸ್ಪಷ್ಟವಾದದ್ದು ಈಗ. ಲಾಭ ಕಡಿಮೆಯಿರುವ ಪೊಟ್ಟಣವನ್ನು ಎತ್ತುವುದಕ್ಕೂ ಅಷ್ಟೇ ಕೈಗಳು ಬೇಕು. ಪೊಟ್ಟಣ ಹೋದರೆ ಆ ಕೈಗಳಿಗೂ ಕೆಲಸವಿಲ್ಲ.

ಅದೇ ವರ್ಷದ ಏಪ್ರಿಲ್ 29ರಂದು 20,000 ಹುದ್ದೆಗಳ ಕಡಿತ ಮತ್ತು ಜೂನ್ ಅಂತ್ಯದೊಳಗೆ 73 ಕಟ್ಟಡಗಳ ಮುಚ್ಚುವಿಕೆ ಪ್ರಕಟವಾದವು. ಈ ಕ್ರಮಗಳಿಂದ ವರ್ಷದಲ್ಲಿ 3.5 ಬಿಲಿಯನ್ ಡಾಲರ್ ಉಳಿತಾಯವಾಗುವುದೆಂದು ಸಂಸ್ಥೆ ಅಂದಾಜಿಸಿತು. ಚೀನಾದಿಂದ ಬರುವ ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಸರ್ಕಾರ ಮೇ ತಿಂಗಳಲ್ಲಿ ರದ್ದುಪಡಿಸಿದಾಗ, ಲಾಭದಾಯಕವಾಗಿದ್ದ ಆ ಮಾರ್ಗದ ವ್ಯವಹಾರವೂ ಕುಸಿಯಿತು. ಅಕ್ಟೋಬರ್ 28ರಂದು ಬಂದ ಲೆಕ್ಕ ಎಲ್ಲರ ನಿರೀಕ್ಷೆಯನ್ನೂ ಮೀರಿತ್ತು: ಒಂಬತ್ತು ತಿಂಗಳಲ್ಲಿ ಕಾರ್ಯಾಚರಣೆಯ ವಿಭಾಗದಲ್ಲಿ 34,000, ಆಡಳಿತ ವರ್ಗದಲ್ಲಿ 14,000 ಹುದ್ದೆಗಳು ಇಳಿದಿದ್ದವು, 93 ಕಟ್ಟಡಗಳಲ್ಲಿ ದೈನಂದಿನ ಕೆಲಸ ನಿಂತಿತ್ತು. ಹಿಂದಿನ ವರ್ಷದ ಕೊನೆಯ ಸಂಖ್ಯೆಯೊಡನೆ ಹೋಲಿಸಿದರೆ ಹತ್ತರಲ್ಲಿ ಒಂದರ ಸಮೀಪ. ಅಂದು ಸಂಸ್ಥೆಯ ಷೇರಿನ ಬೆಲೆ ಏರಿತು.

ಚಾಲಕರ ಸ್ವಯಂನಿವೃತ್ತಿ ಯೋಜನೆ

2025ರ ಜುಲೈನಲ್ಲಿ ಯುಪಿಎಸ್ ಅಮೆರಿಕದ ತನ್ನ ಪೂರ್ಣಾವಧಿ ಚಾಲಕರಿಗೆ, ಒಪ್ಪಿದರೆ ಹಣ ಪಡೆದು ಕೆಲಸ ಬಿಡಬಹುದಾದ ಯೋಜನೆಯೊಂದನ್ನು ಮುಂದಿಟ್ಟಿತು. ಚಾಲಕರಿಗೆ ಇಂಥ ಯೋಜನೆ ಬಂದದ್ದು ಸಂಸ್ಥೆಯ ಚರಿತ್ರೆಯಲ್ಲಿ ಅದೇ ಮೊದಲು. ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ 1,800 ಡಾಲರ್, ಕನಿಷ್ಠ 10,000 ಡಾಲರ್. ಈಗಾಗಲೇ ಗಳಿಸಿದ ಪಿಂಚಣಿ ಮತ್ತು ನಿವೃತ್ತಿಯ ಆರೋಗ್ಯ ಸವಲತ್ತುಗಳಿಗೆ ಇದು ಹೆಚ್ಚುವರಿ ಎಂದು ಸಂಸ್ಥೆ ತಿಳಿಸಿತು. ಭಾರತದಲ್ಲಿ ವಿಆರ್‌ಎಸ್ ಎಂಬ ಹೆಸರಿನಿಂದ ಪ್ರಚಲಿತವಾಗಿರುವುದು ಬಹುಮಟ್ಟಿಗೆ ಇದೇ ವಿಧಾನ. 2019ರಲ್ಲಿ ಬಿಎಸ್‌ಎನ್‌ಎಲ್‌ನ 78,000ಕ್ಕೂ ಹೆಚ್ಚು ನೌಕರರು ಅಂಥದೊಂದು ಯೋಜನೆಯಡಿ ನಿವೃತ್ತಿ ಕೋರಿದ್ದನ್ನು ಕನ್ನಡ ಓದುಗರು ನೆನಪಿಸಿಕೊಳ್ಳಬಹುದು.

ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡಿದರೆ ಸೇವೆಯ ವರ್ಷಕ್ಕೆ ಒಂದೂವರೆ ಲಕ್ಷದಷ್ಟಾಗಿ ಉದಾರವೆನಿಸುತ್ತದೆ. ಚಾಲಕನ ಸ್ವಂತ ಸಂಬಳದೊಡನೆ ಹೋಲಿಸಿದಾಗ ಚಿತ್ರ ಬದಲಾಗುತ್ತದೆ. ಗಂಟೆಗೆ 45 ಡಾಲರ್ ಪಡೆಯುವ ಚಾಲಕನಿಗೆ 40 ಗಂಟೆಗಳ ವಾರದ ಮೂಲ ವೇತನವೇ 1,800 ಡಾಲರ್. ಎಂದರೆ ಒಂದು ವರ್ಷದ ದುಡಿಮೆಗೆ ಒಂದು ವಾರದ ಸಂಬಳ. 30 ವರ್ಷ ವ್ಯಾನು ಓಡಿಸಿದವನಿಗೆ ಸಿಗುವುದು 54,000 ಡಾಲರ್. ಅದು ಏಳು ತಿಂಗಳ ಮೂಲ ವೇತನಕ್ಕೂ ಸಾಲದು. ಐದು ವರ್ಷದವನಿಗೆ ಲೆಕ್ಕದಂತೆ 9,000 ಆಗುವುದರಿಂದ ಕನಿಷ್ಠ ಮೊತ್ತವಾದ 10,000 ದೊರೆಯುತ್ತದೆ. ಭಾರತದ ಕೈಗಾರಿಕಾ ಕಾನೂನಿನಲ್ಲಿ ಮಾಲೀಕನೇ ಕಾರ್ಮಿಕನನ್ನು ಹೆಚ್ಚುವರಿಯೆಂದು ತೆಗೆದಾಗಲೂ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ ಕೆಲಸದಿಂದ ತೆಗೆಯುವಾಗ ಪರಿಹಾರ ಕೊಡಲೇಬೇಕೆಂಬ ಕೇಂದ್ರ ಕಾನೂನು ಇಲ್ಲ. 1988ರಲ್ಲಿ ಅಂಗೀಕೃತವಾದ ವಾರ್ನ್ ಕಾಯಿದೆಯು, ದೊಡ್ಡ ಸಂಸ್ಥೆಗಳು ಸ್ಥಾವರ ಮುಚ್ಚುವಾಗ ಅಥವಾ ಸಾಮೂಹಿಕವಾಗಿ ವಜಾ ಮಾಡುವಾಗ 60 ದಿನ ಮುಂಚೆ ತಿಳಿಸಬೇಕೆಂದಷ್ಟೇ ಹೇಳುತ್ತದೆ. ಹಾಗಾಗಿ ಸಂಸ್ಥೆ ಕೊಡಲು ಬಂದ ಹಣವು ಕಾನೂನಿನ ಬಾಧ್ಯತೆಯಲ್ಲ. ಕೆಲಸವನ್ನು ಕೊಳ್ಳಲು ಅದು ಇಟ್ಟ ಬೆಲೆ.

ಯೋಜನೆಯನ್ನು ಒಪ್ಪುವವನ ಲೆಕ್ಕಾಚಾರದಲ್ಲಿ ಹಣಕ್ಕಿಂತ ತೂಕದ ವಿಷಯವೊಂದಿತ್ತು. ಅಮೆರಿಕದಲ್ಲಿ ದುಡಿಯುವ ವಯಸ್ಸಿನವರ ಆರೋಗ್ಯ ವಿಮೆ ಸಾಮಾನ್ಯವಾಗಿ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಸರ್ಕಾರದ ಮೆಡಿಕೇರ್ ಯೋಜನೆ ದೊರೆಯುವುದು 65ನೆಯ ವಯಸ್ಸಿಗೆ. ಮೂವತ್ತು ವರ್ಷ ಸೇವೆ ಮುಗಿಸಿ, ನಿವೃತ್ತಿಯ ಹೊಸ್ತಿಲಲ್ಲಿದ್ದು, ಮಂಡಿಯೋ ಸೊಂಟವೋ ಸವೆದವನಿಗೆ ಯೋಜನೆ ಅನುಕೂಲವೇ. ಹೇಗೂ ಹೊರಡಲಿದ್ದವನಿಗೆ ದಾರಿಖರ್ಚು ಸಿಕ್ಕಂತೆ. ನಲವತ್ತೈದರ ವಯಸ್ಸಿನಲ್ಲಿ ಹದಿನೈದು ವರ್ಷ ಸೇವೆ ಮಾಡಿದವನ ಸ್ಥಿತಿ ಬೇರೆ. ಅವನಿಗೆ ಸಿಗುವ 27,000 ಡಾಲರ್ ಮುಗಿಯುವುದರೊಳಗೆ ಅಷ್ಟೇ ಸಂಬಳದ, ಅಂಥದೇ ವಿಮೆಯ ಇನ್ನೊಂದು ಕೆಲಸ ಸಿಗಬೇಕು. ಬಟವಾಡೆಯ ಮಾರುಕಟ್ಟೆಯಲ್ಲಿ ಅದು ಇರಲಿಲ್ಲ.

ಅರೆಕಾಲಿಕರಿಗೆ ಯೋಜನೆ ಅನ್ವಯಿಸಲೇ ಇಲ್ಲ. ಮುಚ್ಚಿದ ಕಟ್ಟಡಗಳಲ್ಲಿ ಪಾಳಿ ಕಳೆದುಕೊಂಡವರಲ್ಲಿ ಅವರೇ ಹೆಚ್ಚು. ಪತ್ರಿಕೆಗಳ ಚರ್ಚೆಯಲ್ಲಿ ಅವರ ಪ್ರಸ್ತಾಪ ವಿರಳ.

ಸಂಘದ ಆಕ್ಷೇಪ

ಟೀಮ್‌ಸ್ಟರ್ಸ್ ಸಂಘವು ಯೋಜನೆಯನ್ನು ಒಪ್ಪಂದದ ಉಲ್ಲಂಘನೆಯೆಂದು ಕರೆದು, ಯಾವ ಸದಸ್ಯನೂ ಒಪ್ಪಬಾರದೆಂದು ಕರೆ ನೀಡಿತು. ಅದರ ವಾದಕ್ಕೆ ಎರಡು ಮುಖಗಳಿದ್ದವು. ಹುದ್ದೆಗಳನ್ನು ಹೆಚ್ಚಿಸುವುದಾಗಿ ಮಾತು ಕೊಟ್ಟ ಸಂಸ್ಥೆ ಹಣ ಕೊಟ್ಟು ಹುದ್ದೆ ತಗ್ಗಿಸುವುದು ಕೊಟ್ಟ ಮಾತಿಗೆ ವಿರುದ್ಧ ಎಂಬುದು ಒಂದು. ಸಂಘವನ್ನು ಬದಿಗೊತ್ತಿ ಒಬ್ಬೊಬ್ಬ ನೌಕರನೊಡನೆ ನೇರವಾಗಿ ವ್ಯವಹರಿಸುವ ಅಧಿಕಾರ ಸಂಸ್ಥೆಗಿಲ್ಲ ಎಂಬುದು ಇನ್ನೊಂದು. 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯಿದೆಯ ಪ್ರಕಾರ, ಬಹುಮತದಿಂದ ಆಯ್ಕೆಯಾದ ಸಂಘವು ಆ ವರ್ಗದ ಎಲ್ಲ ನೌಕರರ ಏಕೈಕ ಪ್ರತಿನಿಧಿ; ವೇತನ ಮತ್ತು ಸೇವಾ ಷರತ್ತುಗಳ ಚೌಕಾಸಿ ಅದರ ಮೂಲಕವೇ ನಡೆಯಬೇಕು. ಒಂದೇ ಸ್ಥಾವರದಲ್ಲಿ ಹಲವು ಸಂಘಗಳು ಸದಸ್ಯರಿಗಾಗಿ ಪೈಪೋಟಿ ನಡೆಸುವುದನ್ನು ಕಂಡಿರುವ ಭಾರತೀಯ ಓದುಗರಿಗೆ ಈ ಏಕಪ್ರತಿನಿಧಿತ್ವದ ತತ್ವ ಹೊಸದಾಗಿ ತೋರಬಹುದು. ಅಮೆರಿಕದ ಸಂಘಗಳ ಬಲವೆಲ್ಲ ಅದರಲ್ಲಿದೆ. ಆದ್ದರಿಂದ ಜಗಳ ಮೊತ್ತದ್ದು ಮಾತ್ರವಲ್ಲ. ಇಂದು ಕೆಲಸ ಬಿಡಲು ಒಬ್ಬೊಬ್ಬನಿಗೂ ಪ್ರತ್ಯೇಕ ಪತ್ರ ಬರೆಯಬಹುದಾದರೆ, ನಾಳೆ ಕೆಲಸದ ಷರತ್ತಿಗೂ ಬರೆಯಬಹುದು.

ಸಂಸ್ಥೆಯ ಉತ್ತರವೂ ತಳ್ಳಿಹಾಕುವಂಥದಲ್ಲ. ಯೋಜನೆ ಸಂಪೂರ್ಣ ಐಚ್ಛಿಕ, ಯಾರನ್ನೂ ಬಲವಂತವಾಗಿ ಕಳುಹಿಸುವುದಿಲ್ಲ ಎಂಬುದು ಅದರ ನಿಲುವು. ಕೆಲಸವೇ ಕಡಿಮೆಯಾದಾಗ ಸೇವಾಹಿರಿತನದ ನಿಯಮದಂತೆ ಮೊದಲು ಹೊರಬೀಳುವವರು ಕಿರಿಯರು. ಹಿರಿಯನೊಬ್ಬ ತಾನಾಗಿ ಹೊರಟರೆ ಕಿರಿಯನೊಬ್ಬನ ಮನೆಯಲ್ಲಿ ಒಲೆ ಉರಿಯುತ್ತದೆ ಎಂದು ವಾದಿಸಲು ಇಲ್ಲಿ ಅವಕಾಶವಿದೆ. ಈ ವಾದದ ದುರ್ಬಲ ಕೊಂಡಿ ಎಲ್ಲಿದೆಯೆಂದರೆ, ಹಿರಿಯನು ತೆರವು ಮಾಡಿದ ಸ್ಥಾನಕ್ಕೆ ಒಳಗಿನ ಅರೆಕಾಲಿಕನೊಬ್ಬ ಏರುತ್ತಾನೆಂಬ ಭರವಸೆ ಯೋಜನೆಯಲ್ಲಿ ಇರಲಿಲ್ಲ. ಮಾರ್ಗವೇ ರದ್ದಾದರೆ ಮೆಟ್ಟಿಲೂ ಇಲ್ಲ. ವರ್ಷಗಳಿಂದ ಪಟ್ಟಿಯಲ್ಲಿ ಕಾಯುತ್ತಿದ್ದವನಿಗೆ ಹಿರಿಯನ ನಿರ್ಗಮನದಿಂದ ದೊರೆತದ್ದು ಇನ್ನಷ್ಟು ದೀರ್ಘವಾದ ಕಾಯುವಿಕೆ.

ಇಲ್ಲಿ ಲೇ-ಆಫ್ ಎಂಬ ಪದದ ಬಗೆಗೆ ಎಚ್ಚರಿಕೆ ಅಗತ್ಯ. ದಿನಬಳಕೆಯಲ್ಲಿ ಅದು ವಜಾ ಎಂಬರ್ಥದಲ್ಲಿ ಬಳಕೆಯಾಗುತ್ತದೆ. ಸಂಘದ ಒಪ್ಪಂದವಿರುವ ಕಡೆ ಅದು ಹೆಚ್ಚಾಗಿ ಕೆಲಸದ ತಾತ್ಕಾಲಿಕ ಸ್ಥಗಿತ. ಕೆಲಸ ಮತ್ತೆ ಹೆಚ್ಚಿದಾಗ ಹಿರಿತನದ ಕ್ರಮದಲ್ಲಿ ಮರಳಿ ಕರೆಯಬೇಕು. ಭಾರತೀಯ ಕಾನೂನು ಕೂಡ ಲೇ-ಆಫ್ ಮತ್ತು ರಿಟ್ರೆಂಚ್‌ಮೆಂಟ್ ಎಂಬ ಎರಡನ್ನೂ ಪ್ರತ್ಯೇಕವಾಗಿಯೇ ವ್ಯಾಖ್ಯಾನಿಸಿದೆ. ಹಣ ಪಡೆದು ಹೊರಟ ಚಾಲಕನು ಈ ಮರುಕರೆಯ ಹಕ್ಕನ್ನೂ ಹಿರಿತನವನ್ನೂ ಬಿಟ್ಟುಕೊಡುತ್ತಾನೆ. ಸಂಸ್ಥೆಯ ದೃಷ್ಟಿಯಿಂದ ಯೋಜನೆಯ ಮುಖ್ಯ ಲಾಭ ಇದೇ ಇರಬೇಕು: ಲೇ-ಆಫ್ ಆದವನು ಪಟ್ಟಿಯಲ್ಲಿ ಉಳಿಯುತ್ತಾನೆ, ಸ್ವಯಂನಿವೃತ್ತನು ಉಳಿಯುವುದಿಲ್ಲ.

ಇಷ್ಟಿದ್ದೂ ಸಂಘ ಏಕೆ ಮುಷ್ಕರ ಹೂಡಲಿಲ್ಲವೆಂಬ ಪ್ರಶ್ನೆ ಸಹಜ. ಅಮೆರಿಕದಲ್ಲಿ ಒಪ್ಪಂದ ಚಾಲ್ತಿಯಲ್ಲಿರುವಷ್ಟು ಕಾಲ ವಿವಾದಗಳು ದೂರು ಮತ್ತು ಮಧ್ಯಸ್ಥಿಕೆಯ ಹಾದಿಯಲ್ಲಿ ಸಾಗಬೇಕಾಗುತ್ತದೆ; ಮುಷ್ಕರದ ಅಸ್ತ್ರ ಒರೆಯಲ್ಲಿರುತ್ತದೆ. 2023ರ ಒಪ್ಪಂದವು 2028ರ ಜುಲೈ 31ರವರೆಗೆ ಜಾರಿಯಲ್ಲಿರುತ್ತದೆ. ಐದು ವರ್ಷಗಳ ಶಾಂತಿಯನ್ನು ಕಾರ್ಮಿಕರು ಒಳ್ಳೆಯ ಬೆಲೆಗೆ ಮಾರಿದ್ದರು. ಸಂಸ್ಥೆಯು ಆ ಶಾಂತಿಯ ಅವಧಿಯಲ್ಲೇ ತನ್ನ ಜಾಲವನ್ನು ಪುನರ್ರಚಿಸಿತು. ವೇತನದ ದರವನ್ನು ಒಪ್ಪಂದ ಕಟ್ಟಿಹಾಕಿತ್ತು. ಎಷ್ಟು ಪೊಟ್ಟಣ ಹೊರಬೇಕು, ಯಾವ ಗ್ರಾಹಕನನ್ನು ಬಿಡಬೇಕು, ಯಾವ ಕಟ್ಟಡ ಮುಚ್ಚಬೇಕು ಎಂಬ ನಿರ್ಧಾರಗಳು ಆಡಳಿತದ ಕೈಯಲ್ಲೇ ಉಳಿದಿದ್ದವು. ಒ'ಬ್ರಿಯನ್ ಅವರ ಟೀಕಾಕಾರರು 2023ರ ವಿಜಯೋತ್ಸವ ಅವಸರದ್ದೆಂದು ಹೇಳುವುದು ಈ ಕಾರಣಕ್ಕೆ. ಅಂದಿನ ಮೇಜಿನಲ್ಲಿ ಗ್ರಾಹಕರ ಆಯ್ಕೆಯ ಮೇಲೆ ಸಂಘಕ್ಕೆ ಹಿಡಿತ ಸಿಗಬಹುದಿತ್ತೆಂದು ನಂಬುವುದು ಕಷ್ಟ. ಯಂತ್ರೀಕರಣ ಮತ್ತು ಕಟ್ಟಡಗಳ ಮುಚ್ಚುವಿಕೆಯ ಕುರಿತು ಇನ್ನಷ್ಟು ಬಿಗಿಯಾದ ಷರತ್ತುಗಳನ್ನು ಬರೆಸಬಹುದಿತ್ತೆಂಬ ಮಾತಿನಲ್ಲಿ ಹುರುಳಿದೆ.

ಸ್ಪರ್ಧೆ ಮತ್ತು ಯಂತ್ರಗಳು

ಯುಪಿಎಸ್ ಬಿಟ್ಟ ಅಮೆಜಾನ್ ಪೊಟ್ಟಣಗಳು ಮಾಯವಾಗಲಿಲ್ಲ. ಅಮೆಜಾನ್ 2018ರಿಂದ ಸಣ್ಣ ಗುತ್ತಿಗೆ ಸಂಸ್ಥೆಗಳ ಮೂಲಕ ತನ್ನದೇ ಬಟವಾಡೆ ಜಾಲವನ್ನು ಬೆಳೆಸಿದೆ. ಅಮೆಜಾನ್ ಹೆಸರು ಬರೆದ ವ್ಯಾನನ್ನು ಅಮೆಜಾನ್ ಸಮವಸ್ತ್ರದಲ್ಲೇ ಓಡಿಸುವ ಚಾಲಕನು ಕಾಗದದ ಮೇಲೆ ಗುತ್ತಿಗೆದಾರನ ನೌಕರ. ಫೆಡೆಕ್ಸ್ ಸಂಸ್ಥೆಯ ನೆಲಸಾರಿಗೆ ಬಟವಾಡೆಯೂ ಗುತ್ತಿಗೆದಾರರನ್ನೇ ಅವಲಂಬಿಸಿದೆ. ಹೀಗೆ ಒಂದೇ ಬೀದಿಯಲ್ಲಿ ಒಂದೇ ಕೆಲಸಕ್ಕೆ ಎರಡು ಬಗೆಯ ಜೀವನಗಳಿವೆ. ಈ ಅಂತರ ಉಳಿಯುವಷ್ಟು ಕಾಲ ಯುಪಿಎಸ್ ಚಾಲಕನ ವೇತನ ಅಪಾಯದಲ್ಲೇ ಇರುತ್ತದೆಂಬುದು ಸಂಘಕ್ಕೂ ಗೊತ್ತು. ಅಮೆಜಾನ್ ಕೆಲಸಗಾರರನ್ನು ಸಂಘಟಿಸಲು ಟೀಮ್‌ಸ್ಟರ್ಸ್ ಪ್ರಯತ್ನಿಸುತ್ತಿದ್ದು, 2024ರ ಡಿಸೆಂಬರ್‌ನಲ್ಲಿ ಹಬ್ಬದ ಖರೀದಿಯ ಹೊತ್ತಿಗೆ ಹಲವು ಅಮೆಜಾನ್ ಕೇಂದ್ರಗಳಲ್ಲಿ ಮುಷ್ಕರ ನಡೆಸಿತು. ಆ ಚಾಲಕರ ಮಾಲೀಕ ತಾನಲ್ಲ ಎಂಬುದು ಅಮೆಜಾನ್‌ನ ನಿಲುವು.

ಸಂಘದ ಒಪ್ಪಂದವಿದ್ದ ಸಂಸ್ಥೆಯೇ ಉಳಿಯದೆ ಹೋದ ಉದಾಹರಣೆಯೂ ಕಣ್ಣೆದುರಿಗಿತ್ತು. ಯುಪಿಎಸ್ ಒಪ್ಪಂದದ ಮತದಾನ ನಡೆಯುತ್ತಿದ್ದ ದಿನಗಳಲ್ಲೇ, 2023ರ ಆಗಸ್ಟ್‌ನಲ್ಲಿ, ಯೆಲ್ಲೋ ಎಂಬ ಹಳೆಯ ಲಾರಿ ಸಾಗಣೆ ಸಂಸ್ಥೆ ದಿವಾಳಿಯಾಗಿ ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ 22,000 ಮಂದಿ ಟೀಮ್‌ಸ್ಟರ್ಸ್ ಸದಸ್ಯರು. ಯುಪಿಎಸ್‌ನ ಸ್ಥಿತಿ ಅಂಥದ್ದಲ್ಲ. 2024ರಲ್ಲಿ ಅದು 5.8 ಬಿಲಿಯನ್ ಡಾಲರ್ ನಿವ್ವಳ ಲಾಭ ಗಳಿಸಿ, ಅದರ ಬಹುಪಾಲನ್ನು, ಸುಮಾರು 5.4 ಬಿಲಿಯನ್ ಡಾಲರನ್ನು, ಷೇರುದಾರರಿಗೆ ಲಾಭಾಂಶವಾಗಿ ಹಂಚಿತು. ಷೇರಿನ ಬೆಲೆ 2022ರ ಶಿಖರದಿಂದ ಅರ್ಧಕ್ಕಿಂತ ಕೆಳಗೆ ಬಿದ್ದಿದ್ದರೂ ಲಾಭಾಂಶಕ್ಕೆ ಕತ್ತರಿ ಬೀಳಲಿಲ್ಲ. ಕಡಿತದ ಅನಿವಾರ್ಯತೆಯ ಕುರಿತ ಸಂಸ್ಥೆಯ ಮಾತನ್ನು ಅಳೆಯುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದುಂಟು.

ಕಟ್ಟಡಗಳನ್ನು ಮುಚ್ಚಿ, ಉಳಿದವುಗಳಲ್ಲಿ ಯಂತ್ರಗಳಿಂದ ವಿಂಗಡಣೆ ಮಾಡಿಸುವುದು ಪುನರ್ರಚನೆಯ ಇನ್ನೊಂದು ಭಾಗ. ಪೊಟ್ಟಣಗಳ ಮೇಲೆ ರೇಡಿಯೊ ತರಂಗದಿಂದ ಗುರುತಿಸಬಲ್ಲ ಪಟ್ಟಿ ಅಂಟಿಸುವುದರಿಂದ, ವ್ಯಾನು ತುಂಬುವವನು ಪ್ರತಿಯೊಂದನ್ನೂ ಕೈಯಿಂದ ಸ್ಕ್ಯಾನ್ ಮಾಡುವ ಅಗತ್ಯ ತಪ್ಪುತ್ತದೆ. ಯಂತ್ರಲೆಕ್ಕ ಯುಪಿಎಸ್‌ಗೆ ಹೊಸತೇನಲ್ಲ. ರಸ್ತೆಯ ಬಲಬದಿಯಲ್ಲಿ ವಾಹನ ಸಾಗುವ ಆ ದೇಶದಲ್ಲಿ ಎಡ ತಿರುವುಗಳನ್ನು ಆದಷ್ಟೂ ತಪ್ಪಿಸಿ ಮಾರ್ಗ ಹಾಕುವ ಅದರ ಪದ್ಧತಿ ಪ್ರಸಿದ್ಧ. ಹಿಂದಿನ ಲೆಕ್ಕಗಳು ಚಾಲಕನ ಸಮಯವನ್ನು ಉಳಿಸುತ್ತಿದ್ದವು. ಈಗಿನವು ಒಳಗಿನ ಅರೆಕಾಲಿಕನ ಪಾಳಿಯನ್ನೇ ಉಳಿಸುತ್ತವೆ.

ನಂತರದ ಬೆಳವಣಿಗೆ

2026ರ ಜನವರಿ 27ರಂದು ಯುಪಿಎಸ್, ಆ ವರ್ಷದಲ್ಲಿ ಇನ್ನೂ 30,000ದವರೆಗೆ ಹುದ್ದೆಗಳನ್ನು ತಗ್ಗಿಸುವುದಾಗಿಯೂ ವರ್ಷದ ಪೂರ್ವಾರ್ಧದಲ್ಲಿ 24 ಕಟ್ಟಡಗಳನ್ನು ಮುಚ್ಚುವುದಾಗಿಯೂ ಪ್ರಕಟಿಸಿತು. ತೆರವಾದ ಸ್ಥಾನಗಳನ್ನು ತುಂಬದೆ ಬಿಡುವುದು ಮತ್ತು ಪೂರ್ಣಾವಧಿ ಚಾಲಕರಿಗೆ ಎರಡನೆಯ ಸುತ್ತಿನ ಸ್ವಯಂನಿವೃತ್ತಿ ಯೋಜನೆ ತರುವುದು ಅದಕ್ಕೆ ಆಯ್ದುಕೊಂಡ ಮಾರ್ಗಗಳು. ಅಮೆಜಾನ್ ಪೊಟ್ಟಣಗಳ ಇಳಿಕೆ ಪೂರ್ಣಗೊಳ್ಳಬೇಕಾದದ್ದು ಅದೇ ವರ್ಷ. 22,500 ಹುದ್ದೆಗಳನ್ನು ತುಂಬುವ ಷರತ್ತು ಒಪ್ಪಂದದ ಪುಟಗಳಲ್ಲಿ ಹಾಗೆಯೇ ಇದೆ. ಅದರ ಅವಧಿ ಮುಗಿಯಲು ಆಗಿನ್ನೂ ಎರಡೂವರೆ ವರ್ಷ ಉಳಿದಿತ್ತು.